ನುಡಿಯ ಜಾಡು: ಶಿಫಾನ್ ಎಂದರೆ ಚಿಂದಿ

ಜವಳಿ ಅಂಗಡಿಯೊಳಗೆ ಕಾಲಿಟ್ಟೊಡನೆ ಕಿವಿಗೆ ಬೀಳುವ ಮಾತುಗಳಲ್ಲಿ ಪರದೇಶದ ಪದಗಳು ಎಷ್ಟೊಂದು ಬೆರೆತಿವೆ ಎಂಬುದನ್ನು ನಮ್ಮ ವಾಚಕರು ಬಲ್ಲರು. ಬ್ಲೌಸು, ಕ್ರೇಪು, ಜಾರ್ಜೆಟ್, ವಾಯಲ್, ಡೆನಿಮ್, ಶಿಫಾನ್ ಇವೆಲ್ಲವೂ ಮೂಲತಃ ಫ್ರಾನ್ಸ್ ದೇಶದವು. ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದು, ನಮ್ಮ ಮನೆಯ ಪೆಟ್ಟಿಗೆ ಕಪಾಟುಗಳಲ್ಲಿ ನೆಲೆಗೊಂಡು, ಈಗ ನಮ್ಮವೇ ಆಗಿಬಿಟ್ಟಿವೆ. ದಿನವೂ ಬಳಸುವ ಪದಗಳ ಪೂರ್ವಾಪರವನ್ನು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಆದರೆ ಒಮ್ಮೆ ವಿಚಾರಿಸಿದರೆ ಅವು ಹೇಳುವ ಸಂಗತಿಗಳು ಅಚ್ಚರಿಯನ್ನು ಹುಟ್ಟಿಸುತ್ತವೆ.

ಓದುಗ ಸಹೋದರಿಯೊಬ್ಬರು ನಮಗೆ ಪತ್ರ ಬರೆದು ಹೀಗೆ ಕೇಳಿದ್ದಾರೆ: ಮಗಳ ಮದುವೆಯ ಜವಳಿ ತೆಗೆಯಲು ಹೋದಾಗ ಅಂಗಡಿಯವರು ಎಂಟುನೂರು ರೂಪಾಯಿಯ ಸೀರೆಯನ್ನೂ ಹದಿನೆಂಟು ಸಾವಿರ ರೂಪಾಯಿಯ ಸೀರೆಯನ್ನೂ ‘ಶಿಫಾನ್’ ಎಂಬ ಒಂದೇ ಹೆಸರಿನಿಂದ ಕರೆದರು. ಹೆಸರು ಒಂದೇ ಆಗಿರುವಾಗ ಬೆಲೆಯಲ್ಲಿ ಇಷ್ಟು ಅಂತರವೇಕೆ? ಅಷ್ಟಕ್ಕೂ ಆ ಪದದ ಅರ್ಥವೇನು? ಪ್ರಶ್ನೆ ಸಣ್ಣದಾಗಿ ಕಂಡರೂ ಮದುವೆಯ ಮನೆಯವರಿಗೆ ಅದು ಸಣ್ಣದಲ್ಲ. ಆದುದರಿಂದ ಈ ಸಂಚಿಕೆಯ ಪುಟವನ್ನು ಈ ಒಂದು ಪದಕ್ಕೇ ಮೀಸಲಾಗಿಡುತ್ತೇವೆ.

ಅರ್ಥವನ್ನು ಮೊದಲೇ ಹೇಳಿಬಿಡೋಣ. ಫ್ರೆಂಚ್ ಭಾಷೆಯಲ್ಲಿ ‘ಶಿಫಾನ್’ ಎಂದರೆ ಚಿಂದಿ. ಹರಿದ ಬಟ್ಟೆಯ ತುಂಡು. ಇಂದಿಗೂ ಆ ದೇಶದ ಗೃಹಿಣಿಯು ಮೇಜನ್ನು ಒರೆಸುವ ಹಳೆಯ ಬಟ್ಟೆಯನ್ನು ಇದೇ ಹೆಸರಿನಿಂದ ಕರೆಯುತ್ತಾಳೆ. ನಾವು ಮದುವೆಯ ಆರತಕ್ಷತೆಗೆ ಉಡುವ, ಮೊಗ್ಗಿನಂತೆ ಜೋಪಾನವಾಗಿ ಮಡಿಸಿಡುವ ನವುರಾದ ಸೀರೆಯ ಹೆಸರು ಅಲ್ಲಿ ಧೂಳು ಒರೆಸುವ ಅರಿವೆಯ ಹೆಸರಾಗಿದೆ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಇಂಗ್ಲಿಷ್ ಬರವಣಿಗೆಯನ್ನು ನೋಡಿ ಕೆಲವರು ‘ಚಿಫಾನ್’ ಎನ್ನುವುದುಂಟು. ಫ್ರೆಂಚರಲ್ಲಿ ಆ ಅಕ್ಷರಜೋಡಿಗೆ ‘ಶ’ಕಾರದ ಧ್ವನಿ. ಅವರು ಕೊನೆಯ ವ್ಯಂಜನವನ್ನು ಮೂಗಿನಲ್ಲಿ ಅಡಗಿಸಿ ‘ಶಿಫೋಂ’ ಎಂಬಂತೆ ನುಡಿಯುತ್ತಾರೆ. ಕನ್ನಡದಲ್ಲಿ ‘ಶಿಫಾನ್’ ಎಂದು ಬರೆಯುವುದು, ಹಾಗೆಯೇ ನುಡಿಯುವುದು ಯುಕ್ತ.

ಈ ಪದದ ಬೇರು ‘ಶಿಫ್’ ಎಂಬ ಹಳೆಯ ಫ್ರೆಂಚ್ ಶಬ್ದ. ಅದಕ್ಕೆ ಕೂಡ ಹರಕು ಬಟ್ಟೆ, ಸತ್ತ್ವವಿಲ್ಲದ ವಸ್ತು ಎಂದೇ ಅರ್ಥ. ಬೆನ್ನೆಲುಬಿಲ್ಲದ ಮನುಷ್ಯನನ್ನು ಫ್ರೆಂಚರು ‘ಮೆತ್ತಗಿನ ಶಿಫ್’ ಎಂದು ಹಳಿಯುತ್ತಾರೆ. ಬಟ್ಟೆಯನ್ನು ಮುದುಡುವುದಕ್ಕೆ ಇದರಿಂದಲೇ ಒಂದು ಕ್ರಿಯಾಪದ ಹುಟ್ಟಿದೆ. ಮನಸ್ಸಿಗೆ ಕಿರಿಕಿರಿಯಾಯಿತು ಎನ್ನಲೂ ಅವರು ಅದನ್ನೇ ಬಳಸುತ್ತಾರೆ, ಮುದುಡಿದ್ದು ಬಟ್ಟೆಯಲ್ಲ, ಮನಸ್ಸು ಎಂಬ ಭಾವದಲ್ಲಿ. ಜಗಳಗಂಟರನ್ನು ಕಂಡು ‘ಚಿಂದಿ ಆಯುವವರಂತೆ ಕಚ್ಚಾಡುತ್ತಾರೆ’ ಎನ್ನುವುದೂ ಅಲ್ಲಿಯ ರೂಢಿ. ಬೆಲೆಯಿಲ್ಲದ ಕಾಗದಪತ್ರಕ್ಕೆ ‘ಕಾಗದದ ಶಿಫಾನ್’ ಎನ್ನುತ್ತಾರೆ. ೧೯೧೪ರ ಆಗಸ್ಟ್ ತಿಂಗಳಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಾಗ, ಬೆಲ್ಜಿಯಂ ದೇಶದ ತಟಸ್ಥತೆಗೆ ಭರವಸೆ ಕೊಟ್ಟಿದ್ದ ೧೮೩೯ರ ಒಪ್ಪಂದವನ್ನು ಜರ್ಮನಿಯ ಪ್ರಧಾನಿ ಬೆಥ್‌ಮಾನ್ ಹಾಲ್‌ವೆಗ್ ಅವರು ಬರಿಯ ಕಾಗದದ ಚೂರೆಂದು ಕಡೆಗಣಿಸಿದರೆಂಬ ಸುದ್ದಿ ಜಗತ್ತಿಗೆಲ್ಲ ಹರಡಿತು. ಫ್ರೆಂಚರು ಆ ಮಾತನ್ನು ‘ಕಾಗದದ ಶಿಫಾನ್’ ಎಂದೇ ನೆನಪಿಟ್ಟುಕೊಂಡಿದ್ದಾರೆ.

ಹೀಗೆ ಎಲ್ಲೆಡೆಯೂ ತಿರಸ್ಕಾರಕ್ಕೇ ಬಳಕೆಯಾದ ಚಿಂದಿಗೆ ಒಂದು ಕಾಲದಲ್ಲಿ ಅತಿಶಯವಾದ ಬೆಲೆಯಿತ್ತು ಎಂಬುದನ್ನು ಮರೆಯಬಾರದು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಐರೋಪ್ಯ ದೇಶಗಳಲ್ಲಿ ಕಾಗದವನ್ನು ಮಾಡುತ್ತಿದ್ದುದು ಮರದಿಂದಲ್ಲ, ನಾರು ಮತ್ತು ಹತ್ತಿಯ ಹಳೆಯ ಬಟ್ಟೆಗಳಿಂದ. ಉಟ್ಟು ಸವೆದ ಅಂಗಿ, ಹರಿದ ಹಾಸಿಗೆಯ ಹೊದಿಕೆ, ಹಡಗಿನ ಹಳೆಯ ಹಾಯಿಪಟ ಎಲ್ಲವೂ ಕಾಗದದ ಗಿರಣಿಗೆ ಹೋಗುತ್ತಿದ್ದವು. ಅಲ್ಲಿ ಹೆಂಗಸರು ಅವನ್ನು ಬಣ್ಣಕ್ಕೂ ನಯಕ್ಕೂ ತಕ್ಕಂತೆ ವಿಂಗಡಿಸಿ, ಗುಂಡಿಗಳನ್ನು ಕಿತ್ತು, ಹೊಲಿಗೆಗಳನ್ನು ಬಿಚ್ಚಿ, ಸಣ್ಣದಾಗಿ ಕತ್ತರಿಸುತ್ತಿದ್ದರು. ಬಳಿಕ ಅವನ್ನು ನೀರಿನಲ್ಲಿ ಕೊಳೆಸಿ, ಕುಟ್ಟಿ, ಅಂಬಲಿಯಂಥ ತಿಳಿಯನ್ನು ಮಾಡಿ, ತಂತಿಯ ಜರಡಿಯಲ್ಲಿ ಎತ್ತಿ, ಉಣ್ಣೆಯ ಕಂಬಳಿಗಳ ನಡುವೆ ಒತ್ತಿ ಒಣಗಿಸಿದರೆ ಕಾಗದವಾಗುತ್ತಿತ್ತು. ದಿದೆರೋ ಮತ್ತು ಅವನ ಸಂಗಡಿಗರು ೧೭೫೧ರಿಂದ ೧೭೭೨ರವರೆಗೆ ಹೊರತಂದ ಮಹಾ ವಿಶ್ವಕೋಶದ ಹದಿನೇಳು ಪಠ್ಯಸಂಪುಟಗಳೂ ಹನ್ನೊಂದು ಚಿತ್ರಸಂಪುಟಗಳೂ ಅಚ್ಚಾದುದು ಇಂಥ ಚಿಂದಿಯ ಕಾಗದದ ಮೇಲೆಯೇ. ಜ್ಞಾನವನ್ನು ಮನೆಮನೆಗೆ ಹೊತ್ತು ತಂದದ್ದು ಯಾರೋ ಉಟ್ಟು ಬಿಸುಟ ಬಟ್ಟೆ.

ಆ ಬಟ್ಟೆಯನ್ನು ಗಿರಣಿಗೆ ಮುಟ್ಟಿಸುತ್ತಿದ್ದವರು ಯಾರು? ‘ಶಿಫೋನಿಯೆ’ ಎಂದು ಕರೆಸಿಕೊಳ್ಳುತ್ತಿದ್ದ ಚಿಂದಿ ಆಯುವ ಜನ. ಬೆನ್ನಿಗೆ ಬೆತ್ತದ ಬುಟ್ಟಿ, ಒಂದು ಕೈಯಲ್ಲಿ ಲಾಂದ್ರ, ಇನ್ನೊಂದು ಕೈಯಲ್ಲಿ ಕೊಕ್ಕೆ. ಇವಿಷ್ಟು ಅವರ ಸಲಕರಣೆ. ಪ್ಯಾರಿಸ್ ನಗರದ ಜನರು ರಾತ್ರಿ ಮನೆಯ ಮುಂದೆ ಸುರಿದ ಕಸವನ್ನು ಇವರು ಬೆಳಗಾಗುವುದರೊಳಗೆ ಕೆದಕಿ ನೋಡುತ್ತಿದ್ದರು. ಚಿಂದಿ ಕಾಗದಕ್ಕೆ, ಎಲುಬು ಗುಂಡಿಗೂ ಅಂಟಿಗೂ, ಒಡೆದ ಗಾಜು ಕುಲುಮೆಗೆ. ನಗರವು ಬೇಡವೆಂದು ಬಿಸುಟದ್ದರಲ್ಲಿ ವ್ಯರ್ಥವಾಗುತ್ತಿದ್ದುದು ಅಲ್ಪವೇ. ೧೮೨೮ರಲ್ಲಿ ಅಲ್ಲಿಯ ಪೊಲೀಸ್ ಅಧಿಕಾರಿಗಳು ಈ ಜನರು ಗುರುತಿನ ಬಿಲ್ಲೆಯನ್ನು ಧರಿಸಬೇಕೆಂದು ವಿಧಿಸಿದರು. ಬಿಲ್ಲೆಯು ಅವರ ಮೇಲೆ ಕಣ್ಣಿಡಲು ಕೊಟ್ಟದ್ದಾದರೂ, ಅದರಿಂದ ಈ ಕಸುಬು ಒಂದು ಕಸುಬೆಂದು ಲೆಕ್ಕಕ್ಕೆ ಬಂದಿತು. ಕವಿ ಬೋದಲೇರ್ ೧೮೫೭ರಲ್ಲಿ ಪ್ರಕಟಿಸಿದ ತನ್ನ ಪ್ರಖ್ಯಾತ ಸಂಕಲನದಲ್ಲಿ ಇವರನ್ನು ಕುರಿತೇ ಒಂದು ಕವಿತೆಯನ್ನು ಸೇರಿಸಿದ್ದಾನೆ.

ಇವರ ಬದುಕು ಸುಖದ್ದಾಗಿರಲಿಲ್ಲ. ೧೮೩೨ರಲ್ಲಿ ಪ್ಯಾರಿಸಿಗೆ ಕಾಲರಾ ಮಾರಿ ಬಡಿದಾಗ ಕಸವನ್ನು ಬೇಗನೆ ಸಾಗಿಸಲು ಹೊಸ ಬಂಡಿಗಳನ್ನು ಗೊತ್ತುಮಾಡಿದರು. ತಮ್ಮ ತುತ್ತಿಗೆ ಸಂಚಕಾರ ಬಂದಿತೆಂದು ಚಿಂದಿ ಆಯುವವರು ಬೀದಿಗಿಳಿದು ಆ ಬಂಡಿಗಳನ್ನು ಮುರಿದು ಸುಟ್ಟರು. ಮುಂದೆ ೧೮೮೩ರ ನವೆಂಬರಿನಲ್ಲಿ ಯೂಜೆನ್ ಪೂಬೆಲ್ ಎಂಬ ಅಧಿಕಾರಿಯು, ಪ್ರತಿಯೊಂದು ಕಟ್ಟಡದ ಮಾಲೀಕನೂ ಕಸಕ್ಕೆ ಮುಚ್ಚಳವುಳ್ಳ ಪೆಟ್ಟಿಗೆಯನ್ನು ಇಡಬೇಕೆಂದು ಆಜ್ಞೆ ಹೊರಡಿಸಿದನು. ಕೊಳೆಯುವ ಕಸ ಬೇರೆ, ಚಿಂದಿ ಮತ್ತು ಕಾಗದ ಬೇರೆ, ಗಾಜು ಮತ್ತು ಮಡಕೆಯ ಚೂರು ಬೇರೆ ಇರಬೇಕೆಂದೂ ಆತನು ಬಯಸಿದ್ದನು. ಇಂದು ನಮ್ಮ ಊರುಗಳಲ್ಲಿ ಹಸಿ ಕಸ, ಒಣ ಕಸ ಎಂದು ಬೇರ್ಪಡಿಸಲು ಹೇಳುತ್ತಾರಲ್ಲವೆ? ಆ ಯೋಚನೆ ಅಂದೇ ಮೊಳೆತಿತ್ತು. ಚಿಂದಿಯವರೂ ಅವರ ಪರವಾದ ಪತ್ರಿಕೆಗಳೂ ಕೋಪದಿಂದ ಆ ಪೆಟ್ಟಿಗೆಗೆ ಅಧಿಕಾರಿಯ ಹೆಸರನ್ನೇ ಇಟ್ಟುಬಿಟ್ಟರು. ಇಂದಿಗೂ ಫ್ರೆಂಚ್ ಭಾಷೆಯಲ್ಲಿ ಕಸದ ಬುಟ್ಟಿಗೆ ‘ಪೂಬೆಲ್’ ಎಂದೇ ಹೆಸರು.

ಆ ವೇಳೆಗೆ ಮರದ ತಿರುಳಿನಿಂದ ಕಾಗದ ಮಾಡುವ ವಿದ್ಯೆ ಹರಡಿ, ಚಿಂದಿಯ ಬೆಲೆ ಇಳಿಯತೊಡಗಿತ್ತು. ಆಯುವವರು ಊರ ಕೋಟೆಯಾಚೆಗೆ ಸರಿದು ಹಳೆಯ ಸಾಮಾನುಗಳನ್ನು ಮಾರತೊಡಗಿದರು. ಸೇಂಟ್ ಊಆನ್ ಎಂಬಲ್ಲಿ ಇಂದು ದೇಶವಿದೇಶದ ಪ್ರವಾಸಿಗರು ಮುಗಿಬೀಳುವ ಹಳೆಯ ವಸ್ತುಗಳ ಸಂತೆ ಬೆಳೆದುಬಂದದ್ದು ಹೀಗೆ. ಎರಡನೆಯ ಮಹಾಯುದ್ಧದ ಬಳಿಕ, ೧೯೪೯ರಲ್ಲಿ, ಪ್ಯಾರಿಸ್ಸಿನ ಹೊರವಲಯದಲ್ಲಿ ‘ಎಮಾವುಸ್’ ಎಂಬ ಕೂಟವೊಂದು ಹುಟ್ಟಿಕೊಂಡಿತು. ಮನೆಯಿಲ್ಲದವರೇ ಸೇರಿ, ಜನ ಬಿಸುಟದ್ದನ್ನು ಆಯ್ದು, ದುರಸ್ತಿ ಮಾಡಿ, ಮಾರಿ, ಆ ಹಣದಿಂದ ತಾವೂ ಬದುಕಿ ಮನೆಯಿಲ್ಲದ ಇತರರಿಗೂ ಸೂರು ಒದಗಿಸುವುದು ಅದರ ಕ್ರಮ. ಜನ ಅವರನ್ನು ‘ಎಮಾವುಸಿನ ಶಿಫೋನಿಯೆಗಳು’ ಎಂದು ಕರೆದರು. ಬೈಗುಳವಾಗಿದ್ದ ಪದ ಗೌರವದ ಹೆಸರಾಯಿತು.

ಇನ್ನು, ಚಿಂದಿಯು ಚೆಲುವಾದ ಬಗೆಯನ್ನು ನೋಡೋಣ. ಹೊಲಿಗೆಯವರ ಮನೆಯಲ್ಲಿ ಉಳಿಯುವ ರೇಷ್ಮೆಯ ತುಂಡು, ಪಟ್ಟಿ, ಲೇಸಿನ ಚೂರು ಇವೂ ಶಿಫಾನುಗಳೇ. ಇವುಗಳಿಂದ ಉಡುಪಿನ ಅಂಚನ್ನೂ ಟೋಪಿಯನ್ನೂ ಸಿಂಗರಿಸುತ್ತಿದ್ದರು. ಹೀಗೆ ಹದಿನೆಂಟನೆಯ ಶತಮಾನದ ಹೊತ್ತಿಗೆ ಬಹುವಚನದಲ್ಲಿ ಈ ಪದವು ‘ಹೆಂಗಸರ ಅಲಂಕಾರದ ಸಾಮಗ್ರಿ’ ಎಂಬ ಅರ್ಥವನ್ನು ತಾಳಿತು. ಇಬ್ಬರು ಗೆಳತಿಯರು ಕುಳಿತು ಬಟ್ಟೆಬರೆಯ ವಿಚಾರ ಮಾತನಾಡುತ್ತಿದ್ದರೆ ‘ಶಿಫಾನ್ ಮಾತನಾಡುತ್ತಿದ್ದಾರೆ’ ಎನ್ನುವುದು ಇಂದಿಗೂ ಫ್ರೆಂಚರ ನುಡಿಗಟ್ಟು. ಇಂಥ ತುಂಡುಗಳನ್ನೂ ಹೊಲಿಗೆಯ ಸಾಮಾನನ್ನೂ ಇಡಲು ಮಾಡಿಸಿದ ಎತ್ತರದ, ಹಲವು ಸೆಳೆಖಾನೆಗಳ ಪೆಟ್ಟಿಗೆಗೂ ‘ಶಿಫೋನಿಯೆ’ ಎಂದೇ ಹೆಸರು. ಶ್ರೀಮಂತರ ಮಲಗುವ ಕೋಣೆಯ ಪೀಠೋಪಕರಣಕ್ಕೂ ಬೀದಿಯಲ್ಲಿ ಕಸ ಕೆದಕುವವನಿಗೂ ಒಂದೇ ಪದ.

ಇಂಗ್ಲಿಷರು ಈ ಪದವನ್ನು ಎರವಲು ತಂದುದು ಅಲಂಕಾರದ ಅರ್ಥದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವರು ಅದನ್ನು ಒಂದು ನಿರ್ದಿಷ್ಟವಾದ ತೆಳು ರೇಷ್ಮೆಯ ಬಟ್ಟೆಗೆ ಮೀಸಲಾಗಿಸಿದರು. ಫ್ರೆಂಚರು ಆ ಬಟ್ಟೆಯನ್ನು ಶಿಫಾನ್ ಎನ್ನುವುದೇ ಇಲ್ಲ! ಅವರು ಅದನ್ನು ‘ರೇಷ್ಮೆಯ ಮುಸ್ಲಿನ್’ ಎನ್ನುತ್ತಾರೆ. ಮುಸ್ಲಿನ್ ಎಂಬುದಾದರೋ ಇರಾಕ್ ದೇಶದ ಮೋಸುಲ್ ನಗರದ ಹೆಸರಿನಿಂದ ಇಟಲಿಯ ವರ್ತಕರ ಮೂಲಕ ಹುಟ್ಟಿದ ಪದ. ಆ ಹೆಸರಿಗೆ ಜಗತ್ಕೀರ್ತಿಯನ್ನು ತಂದದ್ದು ಬಂಗಾಳದ ಢಾಕಾ ನೇಕಾರರ ಕೈಚಳಕ. ನೋಡಿ: ಫ್ರೆಂಚರು ತಮ್ಮ ಬಟ್ಟೆಗೆ ಪೂರ್ವದೇಶದ ಹೆಸರನ್ನು ಇಟ್ಟುಕೊಂಡರೆ, ಪೂರ್ವದೇಶದವರಾದ ನಾವು ಅದೇ ಬಟ್ಟೆಯನ್ನು ಅವರ ಚಿಂದಿಯ ಹೆಸರಿನಿಂದ ಕರೆಯುತ್ತಿದ್ದೇವೆ.

ಈಗ ಸಹೋದರಿಯವರ ಬೆಲೆಯ ಪ್ರಶ್ನೆಗೆ ಬರೋಣ. ಶಿಫಾನ್ ಎಂಬುದು ನೂಲಿನ ಹೆಸರಲ್ಲ, ನೇಯ್ಗೆಯ ಹೆಸರು. ಇದೊಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂಗಡಿಯಲ್ಲಿ ಮೋಸಹೋಗುವ ಸಂಭವ ಕಡಮೆ. ಬಹಳ ಸಣ್ಣ ಎಳೆಯನ್ನು ತೆಗೆದುಕೊಂಡು ಅದಕ್ಕೆ ಬಿಗಿಯಾಗಿ ಹುರಿ ಕೊಡುತ್ತಾರೆ. ಒಂದು ಎಳೆಗೆ ಬಲಹುರಿಯಾದರೆ ಪಕ್ಕದ ಎಳೆಗೆ ಎಡಹುರಿ. ಹಾಸು ಹೊಕ್ಕು ಎರಡರಲ್ಲಿಯೂ ಇಂಥ ಎಳೆಗಳನ್ನು ಹೂಡಿ ಸಾದಾ ನೇಯ್ಗೆಯಲ್ಲಿ ವಿರಳವಾಗಿ ನೇಯುತ್ತಾರೆ. ರೇಷ್ಮೆಯಾದರೆ ನೇಯ್ದ ಬಳಿಕ ಸಾಬೂನಿನ ನೀರಿನಲ್ಲಿ ಬೇಯಿಸಿ ಅದರ ಸಹಜವಾದ ಅಂಟನ್ನು ತೆಗೆಯುತ್ತಾರೆ. ಆಗ ರೇಷ್ಮೆ ತನ್ನ ತೂಕದಲ್ಲಿ ಸುಮಾರು ಕಾಲುಭಾಗವನ್ನು ಕಳೆದುಕೊಳ್ಳುತ್ತದೆ. ಅಂಟು ಹೋದೊಡನೆ ಹುರಿಗೊಂಡ ಎಳೆಗಳು ತಮ್ಮ ತಮ್ಮ ದಿಕ್ಕಿಗೆ ಎಳೆದಾಡಿ ಬಟ್ಟೆಯ ಮೈಯಲ್ಲಿ ಕಣ್ಣಿಗೆ ಕಂಡೂ ಕಾಣದ ನೆರಿಗೆ ಮೂಡುತ್ತದೆ. ಶಿಫಾನಿನ ಮಂಜಿನಂಥ ಮಬ್ಬಿಗೂ ಬೆರಳಿಗೆ ತಾಗುವ ಸಣ್ಣ ಒರಟಿಗೂ ಈ ಹುರಿಯೇ ಕಾರಣ.

ಇದರ ಒಡಹುಟ್ಟುಗಳನ್ನೂ ಪರಿಚಯಿಸಿಕೊಳ್ಳಬಹುದು. ಎರಡೆಳೆ ಕೂಡಿಸಿ ಹುರಿ ಮಾಡಿದ ನೂಲಿನಿಂದ ಇನ್ನಷ್ಟು ಒತ್ತಾಗಿ ನೇಯ್ದರೆ ಜಾರ್ಜೆಟ್. ಇದು ಶಿಫಾನಿಗಿಂತ ಭಾರ, ಮರಳು ಮರಳಾದ ಮೈ, ಪಾರದರ್ಶಕತೆ ಕಡಮೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿದ್ದ ಜಾರ್ಜೆಟ್ ದ ಲಾ ಪ್ಲಾಂತ್ ಎಂಬ ಫ್ರೆಂಚ್ ದರ್ಜಿಯ ಹೆಸರಿನಿಂದ ಈ ಪದ ಬಂದಿದೆ. ಕ್ರೇಪ್ ಎಂಬುದು ಲ್ಯಾಟಿನ್ನಿನ ‘ಗುಂಗುರು’ ಎಂಬ ಅರ್ಥದ ಶಬ್ದದಿಂದ ಬಂದುದು. ಫ್ರೆಂಚರು ನಮ್ಮ ದೋಸೆಯಂಥ ತೆಳುವಾದ ತಿನಿಸನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಕ್ರೇಪಿನ ಮಾತು ಬಂದಾಗ ನಾವು ದೂರ ಹೋಗಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೨ರಲ್ಲಿ, ಮೈಸೂರಿನಲ್ಲಿ ಸ್ವಿಟ್ಜರ್‌ಲೆಂಡಿನ ಯಂತ್ರಮಗ್ಗಗಳೊಡನೆ ಆರಂಭವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯು ಕ್ರೇಪು ಸೀರೆಗೆ ಮೈಸೂರಿನ ಹೆಸರನ್ನೇ ಅಂಟಿಸಿಬಿಟ್ಟಿದೆ. ಪದ ಅವರದಾದರೂ ಕೀರ್ತಿ ನಮ್ಮದು.

ಶಿಫಾನ್ ಮೊದಲಿಗೆ ರೇಷ್ಮೆಯಿಂದಲೇ ಆಗುತ್ತಿತ್ತು. ಅದು ನಮ್ಮ ದೇಶದಲ್ಲಿ ಸೀರೆಯಾದ ಕಥೆಯೂ ಸ್ವಾರಸ್ಯಕರ. ಬರೋಡೆಯ ರಾಜಕುಮಾರಿಯೂ ಕೂಚ್ ಬಿಹಾರದ ಮಹಾರಾಣಿಯೂ ಆಗಿದ್ದ ಇಂದಿರಾದೇವಿಯವರು ೧೯೨೨ರಲ್ಲಿ ಪತಿಯನ್ನು ಕಳೆದುಕೊಂಡವರು. ಶಿಫಾನ್ ಸೀರೆಯನ್ನು ಮೊದಲಿಗೆ ಉಡಲಾರಂಭಿಸಿದವರು ತಮ್ಮ ತಾಯಿಯೇ ಎಂದು ಅವರ ಮಗಳು, ಜಯಪುರದ ಮಹಾರಾಣಿ ಗಾಯತ್ರೀದೇವಿಯವರು ೧೯೭೬ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಮುಂದೆ ಸಿನಿಮಾದವರು ಅದನ್ನು ಮನೆಮಾತಾಗಿಸಿದರು. ೧೯೮೯ರ ‘ಚಾಂದನಿ’ ಹಿಂದಿ ಚಿತ್ರದಲ್ಲಿ ಶ್ರೀದೇವಿಯವರು ಉಟ್ಟ ಶಿಫಾನ್ ಸೀರೆಗಳನ್ನು ನಮ್ಮ ಓದುಗರಲ್ಲಿ ಹಲವರು ಮರೆತಿರಲಾರರು.

ಆದರೆ ಅಷ್ಟರಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದುಹೋಗಿತ್ತು. ೧೯೩೮ರಲ್ಲಿ ನೈಲಾನ್ ಜಗತ್ತಿಗೆ ಪರಿಚಯವಾಯಿತು. ೧೯೪೧ರಲ್ಲಿ ಇಂಗ್ಲೆಂಡಿನಲ್ಲಿ ಪಾಲಿಯೆಸ್ಟರ್ ನೂಲು ಸಿದ್ಧವಾಯಿತು. ಅದೇ ಹುರಿ, ಅದೇ ನೇಯ್ಗೆ, ಆದರೆ ನೂಲು ಮಾತ್ರ ಕಲ್ಲೆಣ್ಣೆಯ ಮೂಲದ್ದು. ಹೆಸರು ಶಿಫಾನ್ ಎಂದೇ ಉಳಿಯಿತು. ಅಂಗಡಿಯವರು ಎರಡಕ್ಕೂ ಒಂದೇ ಹೆಸರು ಹೇಳಿದುದರಲ್ಲಿ ಸುಳ್ಳಿಲ್ಲ. ಹೇಳದೆ ಬಿಟ್ಟದ್ದರಲ್ಲಿ ಬೆಲೆಯ ಅಂತರ ಅಡಗಿದೆ. ಆದುದರಿಂದ ‘ಇದು ಶಿಫಾನೇ?’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ‘ಇದು ಯಾವ ನೂಲಿನ ಶಿಫಾನ್?’ ಎಂದು ಕೇಳಬೇಕು, ಉತ್ತರವನ್ನು ರಸೀದಿಯ ಮೇಲೆ ಬರೆಯಿಸಿಕೊಳ್ಳಬೇಕು. ರೇಷ್ಮೆಯೆಂದು ಹೇಳಿದರೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ ೨೦೦೪ರಿಂದ ಜಾರಿಯಲ್ಲಿರುವ ‘ಸಿಲ್ಕ್ ಮಾರ್ಕ್’ ಚೀಟಿ ಇದೆಯೇ ಎಂದು ನೋಡಬೇಕು. ಮನೆಯಲ್ಲಿ ಪರೀಕ್ಷಿಸಬೇಕೆಂದರೆ ಅಂಚಿನಿಂದ ಹೊರಬಂದ ಎರಡೆಳೆ ನೂಲನ್ನು ಚಿಮುಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರಾದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ.

ಹಾಗೆಂದು ಕಡಮೆ ಬೆಲೆಯ ಸೀರೆಯನ್ನು ಉಡುವುದು ಕೀಳೆಂದು ನಾವು ಹೇಳುತ್ತಿಲ್ಲ. ದಿನವೂ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಒಗೆದೊಡನೆ ಒಣಗುವ, ಇಸ್ತ್ರಿ ಬೇಡದ ಆ ಸೀರೆ ಮಾಡಿರುವ ಉಪಕಾರ ದೊಡ್ಡದು. ನಾವು ಓದುಗರ ಗಮನಕ್ಕೆ ತರಬಯಸುವುದು ಬೇರೊಂದು ಸಂಗತಿ. ಪ್ರತಿಯೊಂದು ಸೀರೆಯೂ ಒಂದು ದಿನ ಫ್ರೆಂಚರ ಅರ್ಥದಲ್ಲಿ ಶಿಫಾನ್ ಆಗಿಯೇ ತೀರುತ್ತದೆ. ಅಂದು ಅದರ ಗತಿಯೇನು ಎಂಬುದನ್ನು ನಿರ್ಣಯಿಸುವುದು ಬೆಲೆಯಲ್ಲ, ನೂಲು.

ನಮ್ಮ ಹಿರಿಯ ತಾಯಂದಿರು ಇದನ್ನು ಬಲ್ಲವರಾಗಿದ್ದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ನೂಲಿನ ಸೀರೆ ಹರಿದರೆ ಅದರ ಆಯುಷ್ಯ ಮುಗಿಯುತ್ತಿರಲಿಲ್ಲ. ಗಟ್ಟಿಯಾದ ಭಾಗ ಮಗುವಿನ ತೊಟ್ಟಿಲಿಗೆ, ಮಿಕ್ಕದ್ದು ಪದರ ಪದರವಾಗಿ ಕೂಡಿ ಕೌದಿಗೆ, ಅದೂ ಸವೆದರೆ ನೆಲ ಒರೆಸಲಿಕ್ಕೆ. ಅಜ್ಜಿಯ ಇಳಕಲ್ಲ ಸೀರೆ, ಅಜ್ಜನ ಧೋತರ, ಮೊಮ್ಮಗಳ ಲಂಗದ ತುಂಡು ಒಂದೇ ಕೌದಿಯಲ್ಲಿ ಸೇರಿ ಮನೆತನದ ಚರಿತ್ರೆಯಂತಿರುತ್ತಿದ್ದವು. ಪಾಲಿಯೆಸ್ಟರ್ ಶಿಫಾನು ಕೌದಿಗೆ ಹೊಂದುವುದಿಲ್ಲ. ಸೂಜಿಯ ಕೆಳಗೆ ಜಾರುತ್ತದೆ, ಬೆವರನ್ನು ಹೀರುವುದಿಲ್ಲ. ಅದನ್ನು ಕುಟ್ಟಿ ಕಾಗದ ಮಾಡಲಾಗದು. ಮಣ್ಣಿಗೆ ಹಾಕಿದರೆ ಮಣ್ಣಾಗುವ ಗುಣವೂ ಅದಕ್ಕಿಲ್ಲ. ಹತ್ತಿಯ ಗುಣ ಹಾಗಲ್ಲ. ನಾವು ಪ್ರತಿನಿತ್ಯ ಎಣಿಸುವ ರೂಪಾಯಿ ನೋಟಿನ ಕಾಗದವು ಇಂದಿಗೂ ಮರದ್ದಲ್ಲ, ಹತ್ತಿಯ ನಾರಿನದು. ಅದನ್ನು ತಯಾರಿಸುವ ಗಿರಣಿಗಳಲ್ಲಿ ಒಂದು, ೨೦೧೦ರಲ್ಲಿ ಸ್ಥಾಪಿತವಾದುದು, ನಮ್ಮ ಮೈಸೂರಿನಲ್ಲಿಯೇ ಇದೆ.

ಕನ್ನಡದ ‘ಚಿಂದಿ’ ಎಂಬ ಪದಕ್ಕೂ ಶಿಫಾನಿನಂಥದೇ ಭಾಗ್ಯ ಒದಗಿದೆ. ಇಂದಿನ ಹುಡುಗರು ಒಳ್ಳೆಯ ಸಿನಿಮಾವನ್ನು ನೋಡಿ ಬಂದು ‘ಚಿಂದಿಯಾಗಿದೆ’ ಎನ್ನುತ್ತಾರೆ; ಎದುರಾಳಿ ತಂಡವನ್ನು ಸೋಲಿಸಿದ ಆಟಗಾರನು ‘ಚಿಂದಿ ಉಡಾಯಿಸಿದ’ ಎನ್ನುತ್ತಾರೆ. ಹಿರಿಯರಿಗೆ ಇದು ಭಾಷೆಯ ಕೇಡೆಂದು ತೋರಬಹುದು. ಆದರೆ ಫ್ರೆಂಚರ ಚಿಂದಿಯು ಅಲಂಕಾರವಾದ ಹಾದಿ ಇದಕ್ಕಿಂತ ಬೇರೆಯಲ್ಲ. ಸಂಸ್ಕೃತದ ‘ಚೀರ’ ಎಂಬ ಪದವನ್ನು ನೋಡಿ: ಬಟ್ಟೆಯ ಸೀಳು, ಹರಕು, ವನವಾಸಿಗಳು ಉಡುವ ನಾರುಮಡಿ ಎಂಬ ಅರ್ಥಗಳು ಅದಕ್ಕುಂಟು. ನಮ್ಮ ‘ಸೀರೆ’ಯು ಈ ಚೀರದ ತದ್ಭವವೆಂದು ಹೇಳುವ ವಿದ್ವಾಂಸರಿದ್ದಾರೆ. ಅವರ ಮಾತನ್ನು ಒಪ್ಪುವುದಾದರೆ ‘ಶಿಫಾನ್ ಸೀರೆ’ ಎಂಬ ನುಡಿಯ ಎರಡು ಪದಗಳೂ ಚಿಂದಿಯಿಂದಲೇ ಎದ್ದುಬಂದವು.

ಪದಗಳು ಏಳಿಗೆ ಹೊಂದಿದಷ್ಟು ಸುಲಭವಾಗಿ ಮನುಷ್ಯರ ಪಾಡು ಏಳಿಗೆ ಹೊಂದಲಿಲ್ಲ ಎಂಬುದೇ ವಿಷಾದದ ಸಂಗತಿ. ‘ಚಿಂದಿ ಆಯುವವರು’ ಎಂದು ನಾವು ಕರೆಯುವ ಜನ ಇಂದಿಗೂ ನಸುಕಿನಲ್ಲಿ ಚೀಲ ಹೊತ್ತು ನಮ್ಮ ಬೀದಿಗಳಲ್ಲಿ ನಡೆಯುತ್ತಾರೆ. ಅವರ ಚೀಲದಲ್ಲಿ ಈಗ ಚಿಂದಿಗಿಂತ ಪ್ಲಾಸ್ಟಿಕ್ಕೇ ಹೆಚ್ಚು. ಹೆಸರು ಮಾತ್ರ ಹಳೆಯದು. ೨೦೧೧ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಇವರಿಗೆ ಗುರುತಿನ ಚೀಟಿಯನ್ನು ಕೊಡಲಾರಂಭಿಸಿತು. ೨೦೧೬ರ ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ಇವರ ಕೆಲಸವನ್ನು ಕಾನೂನಿನ ಮಾತಿನಲ್ಲಿ ಮಾನ್ಯ ಮಾಡಿದವು. ಪ್ಯಾರಿಸ್ಸಿನ ಬಿಲ್ಲೆಗೂ ಬೆಂಗಳೂರಿನ ಚೀಟಿಗೂ ನಡುವೆ ನೂರಾ ಎಂಬತ್ತಮೂರು ವರ್ಷಗಳು ಕಳೆದಿವೆ. ಬಿಲ್ಲೆಯ ಉದ್ದೇಶ ಕಾವಲು; ಚೀಟಿಯ ಉದ್ದೇಶ ಮಾನ್ಯತೆ. ಅಷ್ಟರಮಟ್ಟಿಗೆ ಮನುಷ್ಯನ ವಿವೇಕ ಮುಂದುವರಿದಿದೆ ಎಂದು ಸಮಾಧಾನ ಪಡಬಹುದು. ಆದರೆ ಕಾನೂನು ಕೊಡುವ ಮನ್ನಣೆಗಿಂತ ನಮ್ಮ ಹೊಸ್ತಿಲಲ್ಲಿ ಸಿಗುವ ಮನ್ನಣೆ ಅವರ ದಿನದ ಬದುಕಿಗೆ ಹತ್ತಿರದ್ದು.

ಅದಕ್ಕೆ ಹೆಚ್ಚಿನ ಖರ್ಚೇನೂ ಬೇಕಾಗಿಲ್ಲ. ಹಳೆಯ ಬಟ್ಟೆಯನ್ನು ಎಂಜಲು ಕಸದೊಡನೆ ಬೆರೆಸದೆ, ಒಗೆದು ಒಣಗಿಸಿ, ಬೇರೆ ಚೀಲದಲ್ಲಿ ಕಟ್ಟಿ ಕೊಡುವುದು; ನೂಲಿನದನ್ನೂ ಪಾಲಿಯೆಸ್ಟರನ್ನೂ ಬೇರೆ ಬೇರೆ ಇಡುವುದು; ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಮೇಲೆ ಗುರುತು ಹಾಕುವುದು. ಇಷ್ಟು ಮಾಡಿದರೆ ಅವರ ಕೈಗೆ ಗಾಯವಾಗುವುದು ತಪ್ಪುತ್ತದೆ, ಕೂಲಿಯೂ ಒಂದಿಷ್ಟು ಹೆಚ್ಚುತ್ತದೆ. ಮನೆಯ ಮಕ್ಕಳಿಗೆ ಈ ಕೆಲಸವನ್ನು ವಹಿಸಿದರೆ ಬಟ್ಟೆಯ ಜಾತಕವೂ ಅವರಿಗೆ ತಿಳಿಯುತ್ತದೆ, ಅದನ್ನು ಆಯುವ ಕೈಯ ಪರಿಚಯವೂ ಆಗುತ್ತದೆ.

ಪ್ರಶ್ನೆ ಕೇಳಿದ ಸಹೋದರಿಯವರಿಗೆ ನಮ್ಮ ಸಲಹೆ ಇಷ್ಟು: ಮಗಳಿಗೆ ಯಾವ ಶಿಫಾನನ್ನಾದರೂ ಕೊಡಿಸಿ, ನೂಲನ್ನು ವಿಚಾರಿಸಿ ಕೊಡಿಸಿ. ಜೊತೆಗೆ ಮನೆಯಲ್ಲಿ ಹಳೆಯ ನೂಲಿನ ಸೀರೆಗಳಿದ್ದರೆ ಅವುಗಳದೊಂದು ಕೌದಿಯನ್ನೂ ಹೊಲಿಸಿ ಕೊಡಿ. ಹೊಸ ಸೀರೆ ಹಳತಾದ ಮೇಲೆಯೂ ಅದು ಬೆಚ್ಚಗಿಡುತ್ತದೆ.

ಕೊನೆಗೊಂದು ಬಿನ್ನಹ. ಹರಿದ ಬಟ್ಟೆಗೆ, ಬಟ್ಟೆಯ ತುಂಡಿಗೆ, ಹಳೆಯ ಸೀರೆಯಿಂದ ಮಾಡುವ ಹೊದಿಕೆ ಹಾಸಿಗೆಗಳಿಗೆ ನಾಡಿನ ಒಂದೊಂದು ಭಾಗದಲ್ಲಿ ಒಂದೊಂದು ಹೆಸರುಂಟು. ತಮ್ಮ ಮನೆಯ ಹಿರಿಯರನ್ನು ಕೇಳಿ, ಆ ಪದಗಳನ್ನೂ ಅವುಗಳ ಬಳಕೆಯನ್ನೂ ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಬೇಕೆಂದು ವಾಚಕರಲ್ಲಿ ಕೋರುತ್ತೇವೆ. ಬಂದುದನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಮುಂದಿನ ತಿಂಗಳು, ಇದೇ ಫ್ರಾನ್ಸಿನಿಂದ ಹೊರಟು ನಮ್ಮ ರವಿಕೆಯ ಸ್ಥಾನವನ್ನು ಆಕ್ರಮಿಸಿಕೊಂಡ ‘ಬ್ಲೌಸು’ ಎಂಬ ಪದವನ್ನು ವಿಚಾರಿಸೋಣ.